ಕೃಪೆ ಮತ್ತು ಧರ್ಮಶಾಸ್ತ್ರ: ಕನ್ನಡ ಕ್ರೈಸ್ತರಲ್ಲಿ

ಮನುಷ್ಯನ ಯೋಗ್ಯತೆ ಎಷ್ಟೆಂದು ಎಣಿಸದೆ ದೇವರು ತಾನಾಗಿ ಕೊಡುವ ಕ್ಷಮೆಗೆ ಕ್ರೈಸ್ತ ದೈವಶಾಸ್ತ್ರದಲ್ಲಿ ಕೃಪೆ ಎನ್ನುತ್ತಾರೆ. ಅದರ ಎದುರಿಗೆ ನಿಲ್ಲುವುದು ಧರ್ಮಶಾಸ್ತ್ರ: ಮೋಶೆಯ ಮೂಲಕ ಇಸ್ರಾಯೇಲರಿಗೆ ಬಂದ ವಿಧಿನಿಷೇಧಗಳು, ಮತ್ತು ಅದೇ ಜಾಡಿನಲ್ಲಿ ಹುಟ್ಟಿಕೊಳ್ಳುವ ‘ಇಷ್ಟು ಮಾಡಿದವನಿಗೆ ಇಷ್ಟು’ ಎಂಬ ಎಲ್ಲ ಬಗೆಯ ಲೆಕ್ಕಾಚಾರ. ರಕ್ಷಣೆ ಯಾವುದರಿಂದ ಎಂಬ ವ್ಯಾಜ್ಯ ಕ್ರಿ.ಶ. 1ನೆಯ ಶತಮಾನದಷ್ಟು ಹಳೆಯದು. ಕನ್ನಡನಾಡಿನಲ್ಲಿ ಅದು ನಡೆದದ್ದು ಪ್ರವಚನಪೀಠದಲ್ಲಿ ಕಡಿಮೆ, ಊಟದ ಪಂಕ್ತಿಯಲ್ಲಿ ಹೆಚ್ಚು. ಕೃಪೆಯನ್ನು ಸಾರಲು ಬಂದವರೆಲ್ಲ ಬಗಲಲ್ಲಿ ಒಂದೊಂದು ನಿಯಮಾವಳಿಯನ್ನೂ ಇಟ್ಟುಕೊಂಡೇ ಬಂದರು ಎಂಬುದು ಈ ಚರಿತ್ರೆಯ ವಿಚಿತ್ರ.

ಶಬ್ದಗಳು

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ಇಡೀ ಗ್ರಂಥ ಅಚ್ಚಾಗಿ ಕೈಗೆ ಬರುವಾಗ 1830ರ ದಶಕ ಶುರುವಾಗಿತ್ತು. ಮೋಶೆಯ ಕಟ್ಟಳೆಗೆ ಹಳೆಯ ಕನ್ನಡ ಪಠ್ಯಗಳಲ್ಲಿ ‘ನ್ಯಾಯಪ್ರಮಾಣ’ ಎಂಬ ಮಾತಿದೆ. ತಮಿಳು, ಮಲಯಾಳ ಬೈಬಲುಗಳಲ್ಲೂ ಅದರದೇ ರೂಪಗಳು. ಮುಂದೆ ಬಂದ ಪರಿಷ್ಕರಣಗಳಲ್ಲಿ ಅದು ‘ಧರ್ಮಶಾಸ್ತ್ರ’ವಾಯಿತು. ಮೊದಲನೆಯ ಮಾತಿಗೆ ಕಚೇರಿಯ ವಾಸನೆ. ಎರಡನೆಯದನ್ನು ಕೇಳಿದರೆ ಕನ್ನಡಿಗನ ಕಣ್ಣೆದುರು ನಿಲ್ಲುವವನು ಮೋಶೆಯಲ್ಲ, ಮನು: ಮಡಿ, ಮೈಲಿಗೆ, ಸೂತಕ, ಪ್ರಾಯಶ್ಚಿತ್ತ. ಹೀಬ್ರೂವಿನ ‘ತೋರಾ’ ಎಂದರೆ ಬೋಧನೆ, ದಾರಿ ತೋರುವಿಕೆ. ಯೆಹೂದ್ಯರಿಗೆ ಅದು ಹೊರೆಯಲ್ಲ, ದೇವರು ಕೊಟ್ಟ ಕೊಡುಗೆ. ಆ ಅರ್ಥಕ್ಕೆ ‘ಧರ್ಮಶಾಸ್ತ್ರ’ ನ್ಯಾಯ ಒದಗಿಸುವುದಿಲ್ಲ. ಆದರೆ ಸಂತ ಪೌಲನ ಸಿಟ್ಟು ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಶಬ್ದ ಕನ್ನಡದಲ್ಲಿ ಸಿಗಲಾರದು.

ಪ್ರೊಟೆಸ್ಟೆಂಟರು ‘ಕೃಪೆ’ ಎನ್ನುವುದನ್ನು ಕನ್ನಡ ಕಥೋಲಿಕರು ‘ವರಪ್ರಸಾದ’ ಎನ್ನುತ್ತಾರೆ. ಕರಾವಳಿಯ ಕೊಂಕಣಿ ಕಥೋಲಿಕರ ಬಾಯಲ್ಲಿ ಅದು ‘ಕುರ್ಪಾ’. ಈ ಮೂರೂ ಶಬ್ದಗಳಿಗೆ ಕ್ರೈಸ್ತರು ಬರುವ ಮೊದಲೇ ಇಲ್ಲಿ ಮನೆಯಿತ್ತು. ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಮಾಧ್ವರಲ್ಲಿ ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ಶ್ರೀವೈಷ್ಣವರಂತೂ ಇದೇ ಪ್ರಶ್ನೆಯ ಮೇಲೆ ಎರಡು ಪಂಗಡವಾದರು. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅವುಚಿಕೊಳ್ಳಬೇಕು. ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ವಡಗಲೆಯವರು ಮರ್ಕಟಕಿಶೋರ ನ್ಯಾಯದವರು, ತೆಂಗಲೆಯವರು ಮಾರ್ಜಾಲಕಿಶೋರ ನ್ಯಾಯದವರು. ಜರ್ಮನಿಯ ರುಡಾಲ್ಫ್ ಆಟೊ ಭಾರತದ ಕೃಪಾಧರ್ಮವನ್ನು ಕ್ರೈಸ್ತಮತದ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದ (1930). ಅಂದಮೇಲೆ ‘ಕೃಪೆ ನಮ್ಮಲ್ಲಿ ಮಾತ್ರ’ ಎಂಬ ಹಳೆಯ ಮಿಷನರಿ ಮಾತನ್ನು ಕನ್ನಡದ ಕಿವಿ ಪೂರ್ತಿ ಒಪ್ಪದಿದ್ದದ್ದು ಸಹಜ.

ಅಂತಿಯೋಕ್ಯದ ಪಂಕ್ತಿ

ಮೂಲ ಜಗಳ ಊಟದ್ದೇ. ಸಿರಿಯದ ಅಂತಿಯೋಕ್ಯದಲ್ಲಿ ಸುನ್ನತಿಯಾಗದ ಅನ್ಯಜನರ ಜೊತೆ ಪೇತ್ರ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದದ್ದೇ ತಡ, ಮೆಲ್ಲಗೆ ಬೇರೆ ಕೂತ. ಎಲ್ಲರೆದುರೇ ಪೌಲ ಅವನನ್ನು ತರಾಟೆಗೆ ತೆಗೆದುಕೊಂಡ. ಈ ಪ್ರಸಂಗವನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ. ಮನುಷ್ಯನು ದೇವರೆದುರು ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕರ್ಮಗಳಿಂದಲ್ಲ ಎಂಬ ಅವನ ವಾದ ಅಲ್ಲಿಂದಲೇ ಏಳುತ್ತದೆ. ನೆಂಟರು ಬಂದ ಕೂಡಲೇ ಬೇರೆ ಎಲೆ ಹಾಕಿಸಿಕೊಂಡವರನ್ನು ನೋಡಿ ಬೆಳೆದ ಕನ್ನಡ ಓದುಗನಿಗೆ ಪೇತ್ರನ ಈ ಸಂಕೋಚವನ್ನು ಯಾವ ಟಿಪ್ಪಣಿಯೂ ಇಲ್ಲದೆ ಓದಲು ಬರುತ್ತದೆ.

ಯೆರೂಸಲೇಮಿನ ಸಭೆ (ಸುಮಾರು ಕ್ರಿ.ಶ. 49) ಅನ್ಯಜನರಿಗೆ ಸುನ್ನತಿ ಬೇಡವೆಂದಿತು, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಈ ನಾಲ್ಕನ್ನು ಬಿಡಬೇಕೆಂದಿತು. ಬೀಗ ತೆಗೆಯುತ್ತಲೇ ನಾಲ್ಕು ಚಿಲಕ ಹಾಕಿದಂತೆ. ಅದೇ ಹೊಸ ಒಡಂಬಡಿಕೆಯಲ್ಲಿ ಸೇರಿರುವ ಯಾಕೋಬನ ಪತ್ರ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಎದುರುತ್ತರ ಕೊಡುತ್ತದೆ.

ಮುಂದಿನ ಹದಿನೈದು ಶತಮಾನಗಳನ್ನು ಇಲ್ಲಿ ದಾಟಿಬಿಡಬಹುದು: ಆಗಸ್ಟೀನ್ ಮತ್ತು ಪೆಲೇಜಿಯಸರ ವಾದ, 418ರ ಕಾರ್ಥೇಜ್ ಸಭೆ, 1517ರಲ್ಲಿ ಎದ್ದ ಮಾರ್ಟಿನ್ ಲೂಥರ್, 1547ರಲ್ಲಿ ಅವನಿಗೆ ಟ್ರೆಂಟ್ ಸಭೆ ಕೊಟ್ಟ ಉತ್ತರ. ಯಾಕೋಬನ ಪತ್ರವನ್ನು ಲೂಥರ್ ಹುಲ್ಲಿನ ಪತ್ರವೆಂದು ಹಳಿದ. ಆಕ್ಸ್‌ಫರ್ಡಿನಲ್ಲಿ ದಿನಚರಿ ಹಾಕಿಕೊಂಡು ಉಪವಾಸ, ಪ್ರಾರ್ಥನೆ ಮಾಡುತ್ತಿದ್ದವರನ್ನು ಗೇಲಿ ಮಾಡಲು ಹುಟ್ಟಿದ ಹೆಸರು ಮೆಥಡಿಸ್ಟ್. ಅವರ ಮುಂದಾಳು ಜಾನ್ ವೆಸ್ಲಿಗೆ 1738ರ ಮೇ 24ರ ಸಂಜೆ, ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದಿದ್ದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ತನ್ನ ನಿಯಮನಿಷ್ಠೆ ತನ್ನನ್ನು ಉಳಿಸದು ಎಂದು ಹೊಳೆಯಿತು. ಅವನ ಹೆಸರಿನ ವೆಸ್ಲಿಯನ್ ಮಿಷನ್ ಮುಂದೆ ಮೈಸೂರು ಸಂಸ್ಥಾನದಲ್ಲಿ ಶಾಲೆಗಳನ್ನು ನಡೆಸಿತು. ತೀರ್ಥಹಳ್ಳಿ ಕಡೆಯಿಂದ ಹೋದ ಕುವೆಂಪು ಮೈಸೂರಿನಲ್ಲಿ ಓದಿದ್ದು ಅಂಥದೊಂದು ಹೈಸ್ಕೂಲಿನಲ್ಲಿ.

ಎಂಜಲಿನ ಪ್ರಶ್ನೆ

ಇಟಲಿಯ ಜೆಸ್ಯುಯಿಟ್ ಲಿಯೊನಾರ್ಡೊ ಚಿನ್ನಮಿ 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನನ್ನು ಆರಂಭಿಸಿದ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ಇವನೂ ಸನ್ಯಾಸಿ ವೇಷ ತೊಟ್ಟ, ಕನ್ನಡ ಕಲಿತ, ವ್ಯಾಕರಣ ಬರೆದ. ಪೌಲನು ಅನ್ಯಜನರ ಮೇಲೆ ಯೆಹೂದ್ಯ ಪದ್ಧತಿಯನ್ನು ಹೇರಲಿಲ್ಲ. ಹಾಗಿದ್ದ ಮೇಲೆ ನಾವೇಕೆ ಕನ್ನಡಿಗರ ಮೇಲೆ ರೋಮನ್ ಪದ್ಧತಿ ಹೇರಬೇಕು ಎಂಬುದು ಈ ಪಂಥದ ಒಳತರ್ಕ.

ಅದು ಬಿರುಕುಬಿಟ್ಟ ಜಾಗ ಬಹಳ ಸಣ್ಣದು: ಎಂಜಲು. ಆಗಿನ ರೋಮನ್ ವಿಧಿಯಲ್ಲಿ ಜ್ಞಾನಸ್ನಾನ ಕೊಡುವ ಪಾದ್ರಿ ತನ್ನ ಎಂಜಲನ್ನು ಬೆರಳಿಗೆ ಹಚ್ಚಿಕೊಂಡು ದೀಕ್ಷಾರ್ಥಿಯ ಕಿವಿಗೂ ಮೂಗಿಗೂ ಮುಟ್ಟಿಸಬೇಕಿತ್ತು. ಯೇಸು ಕಿವುಡನನ್ನು ವಾಸಿಮಾಡಿದ ಪ್ರಸಂಗದ ನೆನಪು ಅದು. ಮೇಲಿನಿಂದ ಎತ್ತಿ ನೀರು ಕುಡಿಯುವ ನಾಡಿನಲ್ಲಿ ಈ ವಿಧಿಯನ್ನು ಕಣ್ಣಾರೆ ಕಂಡವನು ಮತ್ತೆ ಆ ಕಡೆ ತಲೆ ಹಾಕಿ ಮಲಗುವನೇ? ಮಿಷನರಿಗಳು ಅದನ್ನು ಸದ್ದಿಲ್ಲದೆ ಕೈಬಿಟ್ಟರು. ಗಂಧ, ವಿಭೂತಿ, ನಿತ್ಯದ ಸ್ನಾನ, ಕನ್ಯೆ ಋತುಮತಿಯಾದಾಗಿನ ಆರತಿ ಇಂಥವುಗಳಿಗೂ ಕಣ್ಣುಮುಚ್ಚಿ ಅವಕಾಶ ಕೊಟ್ಟರು. ದೂರು ರೋಮಿಗೆ ಹೋಯಿತು. ಪೋಪನ ಪ್ರತಿನಿಧಿ ಟೂರ್ನೊ 1704ರಲ್ಲಿ ಪುದುಚೇರಿಯಿಂದ ಹೊರಡಿಸಿದ ಆಜ್ಞೆ ಎಂಜಲನ್ನು ವಾಪಸು ತಂದಿತು, ತಾಳಿಯ ಮೇಲಿನ ಪಿಳ್ಳೆಯಾರ್ ಮೂರ್ತಿಯನ್ನು ನಿಷೇಧಿಸಿತು. ನಾಲ್ವತ್ತು ವರ್ಷಗಳ ಎಳೆದಾಟದ ನಂತರ 14ನೆಯ ಬೆನೆಡಿಕ್ಟ್ ಪೋಪ್ 1744ರಲ್ಲಿ ತೀರ್ಪು ಕೊಟ್ಟ. ಇದನ್ನು ಪಾಲಿಸುತ್ತೇವೆಂದು ಮಿಷನರಿಗಳು ಮಾಡಬೇಕಿದ್ದ ಪ್ರಮಾಣ ರದ್ದಾದದ್ದು 1940ರಲ್ಲಿ.

ಚರಿತ್ರೆಯ ಪುಸ್ತಕಗಳಲ್ಲಿ ಜೆಸ್ಯುಯಿಟರು ಉದಾರಿಗಳಾಗಿಯೂ ಟೂರ್ನೊ ಹಟಮಾರಿಯಾಗಿಯೂ ಕಾಣಿಸುವುದುಂಟು. ಇದು ಅರ್ಧ ಸತ್ಯ. ಅದೇ ಆಜ್ಞೆಯಲ್ಲಿ ಇನ್ನೊಂದು ಅಂಶವಿದೆ: ಕಾಯಿಲೆ ಬಿದ್ದ ಹೊಲೆಯರ ಮನೆಗೆ ಪಾದ್ರಿ ತಾನೇ ಹೋಗಿ ಸಂಸ್ಕಾರ ಕೊಡಬೇಕು, ರೋಗಿಯನ್ನು ಹೊರಗೆ ಹೊತ್ತು ತರಿಸಬಾರದು. ಸನ್ಯಾಸಿ ವೇಷದವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಅಸ್ಪೃಶ್ಯರಿಗೆಂದೇ ಬೇರೆ ಪಾದ್ರಿಗಳನ್ನು ನೇಮಿಸುವ ರಾಜಿಯಾಯಿತು. ರೋಮಿನ ಶಾಸ್ತ್ರದಿಂದ ಬಿಡುಗಡೆ ಕೇಳಿದವರು ಜಾತಿಯ ಶಾಸ್ತ್ರವನ್ನು ಹಾಗೇ ಉಳಿಸಿಕೊಂಡಿದ್ದರು. ಪೇತ್ರ ಮತ್ತೆ ಬೇರೆ ಎಲೆಯ ಮುಂದೆ ಕೂತಿದ್ದ.

1799ರ ನಂತರದ ಶ್ರೀರಂಗಪಟ್ಟಣ

ಪೌಲನ ಪ್ರಶ್ನೆ ತಲೆಕೆಳಗಾಗಿ ಎದುರಾದದ್ದೂ ಅದೇ ಊರಿನಲ್ಲಿ. ಟಿಪ್ಪು ಸುಲ್ತಾನನ ಆಜ್ಞೆಯ ಮೇರೆಗೆ 1784ರಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಳುಗಳಾಗಿ ಘಟ್ಟ ಹತ್ತಿದ್ದರು. ಹಲವರಿಗೆ ಅಲ್ಲಿ ಬಲವಂತವಾಗಿ ಸುನ್ನತಿಯಾಗಿತ್ತು. 1799ರಲ್ಲಿ ಪಟ್ಟಣ ಬಿದ್ದಾಗ ಬದುಕುಳಿದವರು ತಮ್ಮ ಸಭೆಗೆ ಮರಳಲು ಬಯಸಿದರು. ಆ ಸಮುದಾಯವನ್ನು ಮತ್ತೆ ಕಟ್ಟಲು ಬಂದವನು ಫ್ರೆಂಚ್ ಪಾದ್ರಿ ಅಬೆ ದ್ಯುಬ್ವಾ. ಮೈಮೇಲಿನ ಗುರುತು ನಂಬಿಕೆಗೆ ಅಡ್ಡಿಯಲ್ಲವೆಂದು ಅವರನ್ನು ಒಳಗೆ ಕರೆದುಕೊಂಡದ್ದು, ಕನ್ನಡನಾಡಿನಲ್ಲಿ ಕೃಪೆಯ ತತ್ತ್ವ ವಾದವಿಲ್ಲದೆ ಆಚರಣೆಗೆ ಬಂದ ಅಪರೂಪದ ಸಂದರ್ಭ. ಮುಂದೆ ಇದೇ ದ್ಯುಬ್ವಾ, ಭಾರತದಲ್ಲಿ ಕ್ರೈಸ್ತಮತಕ್ಕೆ ಭವಿಷ್ಯವಿಲ್ಲವೆಂದು ಬರೆದ ಪತ್ರಗಳನ್ನು 1823ರಲ್ಲಿ ಪ್ರಕಟಿಸಿ ಮಿಷನರಿಗಳ ಕೋಪಕ್ಕೆ ಗುರಿಯಾದ.

ಬಾಸೆಲ್ ಮಿಷನ್

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಇವರ ಹಿಂದಿದ್ದದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಪಯಟಿಸ್ಟ್ ಭಕ್ತಿಪಂಥ. ಬೋಧನೆ ಲೂಥರನದು: ನಂಬಿಕೆಯೊಂದರಿಂದಲೇ ರಕ್ಷಣೆ. ಬದುಕು ಗಡಿಯಾರದ್ದು: ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ಕೆಲಸ, ಭಾನುವಾರದ ಬಿಡುವು, ಕುಡಿತ ಇಲ್ಲ. ಮಿಷನರಿಗಳ ಮದುವೆಗೂ ಬಾಸೆಲಿನ ಸಮಿತಿಯ ಅಪ್ಪಣೆ ಬೇಕಿತ್ತು.

ಮಂಗಳೂರಿನ ಮಿಷನ್ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗನ ಕೈಕೆಳಗೆ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ (1825–1893) 1844ರ ಜನವರಿಯಲ್ಲಿ ಇಬ್ಬರು ಜೊತೆಗಾರರೊಡನೆ ದೀಕ್ಷಾಸ್ನಾನ ಪಡೆದ. ಊರಿನಲ್ಲಿ ಗಲಭೆಯೆದ್ದಿತು. ಊರವರು ಕೆರಳಿದ್ದು ಅವನು ಏನನ್ನು ನಂಬಿದ ಎಂಬುದಕ್ಕಲ್ಲ, ಯಾರ ಜೊತೆ ಉಂಡ ಎಂಬುದಕ್ಕೆ. ಜಾತಿಯನ್ನು ಇಟ್ಟುಕೊಂಡು ಸಭೆ ಸೇರುವಂತಿಲ್ಲ ಎಂಬುದು ಬಾಸೆಲಿನವರ ಖಡಾಖಂಡಿತ ನಿಯಮ. ತಮಿಳುನಾಡಿನ ಲೈಪ್‌ಜಿಗ್ ಲೂಥರನ್ನರು ಇಷ್ಟು ಬಿಗಿಯಾಗಿರಲಿಲ್ಲ. ಜೆಸ್ಯುಯಿಟರು ಬಿಟ್ಟುಕೊಟ್ಟಲ್ಲಿ ಇವರು ಬಿಟ್ಟುಕೊಡಲಿಲ್ಲ. ಆದರೆ ಪಂಕ್ತಿಯ ಸ್ವಾತಂತ್ರ್ಯ ಇಲ್ಲಿ ಪಂಕ್ತಿಯ ಕಡ್ಡಾಯವಾಯಿತು ಎಂಬುದನ್ನೂ ಗಮನಿಸಬೇಕು. ಕೌಂಡಿನ್ಯ ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಸಭಾಪಾಲಕನಾಗಿ ಅಭಿಷೇಕ ಹೊಂದಿ ಮರಳಿದ.

ಅದೇ ವರ್ಷ ಮಿಷನ್ನಿನ ಮುಖ್ಯಸ್ಥ ಜೋಸೆಫ್ ಯೋಸೆನ್‌ಹಾನ್ಸ್ ಭಾರತಕ್ಕೆ ತಪಾಸಣೆಗೆ ಬಂದ. ಅವನ ಕಾಲದಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು, ಸಭೆಯ ಶಿಸ್ತಿಗೆ ಲಿಖಿತ ರೂಪ ಬಂತು. ತಪ್ಪಿದವರನ್ನು ಕರ್ತನ ಭೋಜನದಿಂದ ಹೊರಗಿಡುವುದು ವಾಡಿಕೆಯ ಶಿಕ್ಷೆ. ಕೃಪೆಯ ಊಟಕ್ಕೆ ಕೂರಲು ನಡತೆಯ ಚೀಟಿ ಬೇಕಾದಂತಾಯಿತು.

ಈ ಕಟ್ಟುಪಾಡಿನಿಂದ ಒಂದು ಅನಿರೀಕ್ಷಿತ ಫಲವೂ ಹುಟ್ಟಿತು. ತುಳುನಾಡಿನಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಹಲವರ ಕಸುಬು ಶೇಂದಿ ಇಳಿಸುವುದು. ಸೇರಿದ ಮೇಲೆ ಶೇಂದಿ ಮುಟ್ಟುವಂತಿಲ್ಲ. ಮರ ಹತ್ತುವ ಕೆಲಸ ಹೋಯಿತು, ಒಕ್ಕಲಿದ್ದವರಿಗೆ ಧಣಿಗಳು ಭೂಮಿ ಬಿಡಿಸಿದ್ದೂ ಉಂಟು. ಹೊಟ್ಟೆಗೆ ದಾರಿ ತೋರಿಸದೆ ಮಿಷನ್ನಿಗೆ ಗತ್ಯಂತರವಿರಲಿಲ್ಲ. ನೇಯ್ಗೆ ಬಂತು, 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮಲೆನಾಡಿನ ಮಳೆಯನ್ನು ತಡೆದು ನಿಂತ ಮಂಗಳೂರು ಹೆಂಚಿನ ಮೂಲದಲ್ಲಿ ಒಂದು ನಿಷೇಧವಿದೆ. ಆ ಕಾರ್ಖಾನೆಗಳಲ್ಲಿ ದಿನದ ಕೆಲಸ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದ.

ಮಿಷನ್ನಿನ ಒಳಗೇ ಇದಕ್ಕೆ ಒಗ್ಗದವರೂ ಇದ್ದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಜನರ ನಡುವೆ ಅವರಂತೆಯೇ ಬದುಕಬೇಕೆಂದು ಹಂಬಲಿಸಿದ. ಮೇಲಿನವರಿಗೆ ಅದು ಹಿಡಿಸಲಿಲ್ಲ. ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಹೇಳುವ ಅವನ ‘ಕಥಾಮಾಲೆ’ 1862ರಲ್ಲಿ ಬಂತು. 1872ರಲ್ಲಿ ಯಜ್ಞವನ್ನು ಕುರಿತೇ ಒಂದು ಪುಸ್ತಕ ಬರೆದ: ಕರ್ಮಕಾಂಡವನ್ನು ಬದಿಗೆ ತಳ್ಳುವ ಬದಲು ಅದರ ಬಾಗಿಲಿನಿಂದಲೇ ಕ್ರಿಸ್ತನ ಬಲಿಯ ಮಾತಿಗೆ ಬರುವ ಪ್ರಯತ್ನ. 1894ರ ನಿಘಂಟಿನ ನೆರಳಿನಲ್ಲಿ ಈ ಬರಹಗಳು ಮರೆತೇಹೋಗಿವೆ.

ಇತ್ತೀಚಿನ ರೂಪಗಳು

ಮನುಷ್ಯ ಯಾವುದರಿಂದ ನೀತಿವಂತನೆನಿಸುತ್ತಾನೆ ಎಂಬ ಸಿದ್ಧಾಂತದ ಬಗ್ಗೆ ಲೂಥರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಅದಕ್ಕೆ ಒಪ್ಪಿಗೆ ಸೂಚಿಸಿದವು. ಕಾಗದದ ಮೇಲೆ ಜಗಳ ಮುಗಿದಂತೆ. ಆದರೆ ಶನಿವಾರದ ಸಬ್ಬತ್ ಪಾಲಿಸುವ ಅಡ್ವೆಂಟಿಸ್ಟರಲ್ಲಿ ಅದು 1888ರ ಮಿನಿಯಾಪೊಲಿಸ್ ಸಮ್ಮೇಳನದಿಂದ ಬಿಟ್ಟುಬಿಟ್ಟು ಏಳುತ್ತಲೇ ಇದೆ. ಪೆಂತೆಕೊಸ್ತ್ ಸಭೆಗಳಲ್ಲಿ, ವಿಶೇಷವಾಗಿ ಕೇರಳ ಮೂಲದವುಗಳಲ್ಲಿ, ಚಿನ್ನ ಹಾಕುವಂತಿಲ್ಲ. ಕುಂಕುಮ, ಹೂವು ದೂರವೇ ಉಳಿದವು. ಹಾಡುಗಳೆಲ್ಲ ಕೃಪೆಯವು, ಬಾಗಿಲಲ್ಲಿ ನೋಡುವುದು ಬರಿಗೊರಳನ್ನು. ಟೂರ್ನೊ ತಾಳಿಯ ಪದಕವನ್ನಷ್ಟೇ ಕೇಳಿದ್ದ, ಇವರು ಸರವನ್ನೇ ಕೇಳಿದರು.

ಇದರ ಇನ್ನೊಂದು ಮಗ್ಗುಲೂ ಉಂಟು. ಕ್ಷಮೆ ಹೇಗೂ ಸಿಗುತ್ತದೆಂದು ಪಾಪ ಮಾಡುತ್ತಲೇ ಇರೋಣವೇ ಎಂಬ ಪ್ರಶ್ನೆಯನ್ನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೇ ಎತ್ತಿ ಕೂಡದೆನ್ನುತ್ತಾನೆ. ನಾಜಿಗಳ ಕಾಲದ ಜರ್ಮನಿಯಲ್ಲಿ ಡೀಟ್ರಿಕ್ ಬಾನ್‌ಹೋಫರ್ 1937ರ ತನ್ನ ಪುಸ್ತಕದಲ್ಲಿ ‘ಅಗ್ಗದ ಕೃಪೆ’ಯನ್ನು ಹಳಿದ; 1945ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮಲೆನಾಡಿನಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕ್ರೈಸ್ತರು ಬಹುಪಾಲು ಘಟ್ಟ ಹತ್ತಿ ಬಂದವರು. ಇಂದು ಹೊಸನಗರ ತಾಲ್ಲೂಕಿನ ನಗರವಾಗಿ ಉಳಿದಿರುವ ಬಿದನೂರಿನಿಂದ ಆಳಿದ ಕೆಳದಿಯ ನಾಯಕರಿಗೂ ಪೋರ್ಚುಗೀಸರಿಗೂ ನಡೆದ ಒಪ್ಪಂದಗಳಲ್ಲಿ ಕರಾವಳಿಯ ಕ್ರೈಸ್ತರ ವಿಷಯವೂ ಬರುತ್ತಿತ್ತು. ತೋಟ, ವ್ಯಾಪಾರ, ಕೂಲಿ ಹುಡುಕಿ ಕೊಂಕಣಿ ಕಥೋಲಿಕರು ಬಂದರು, ಅನಂತರ ಕೇರಳದ ಸಿರಿಯನ್ ಕ್ರೈಸ್ತರು. ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದದ್ದು 1988ರಲ್ಲಿ. ಸಿರೋ-ಮಲಬಾರ್ ವಿಧಿಯವರಿಗೆ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ. ಹುಲಿಕಲ್ ಘಾಟಿಯ ನೆತ್ತಿಗೆ ಹತ್ತಿರದ ಮಾಸ್ತಿಕಟ್ಟೆ, ವಾರಾಹಿ ಜಲವಿದ್ಯುತ್ ಯೋಜನೆಯ ಕಾಲನಿಯಿಂದ ಬೆಳೆದ ಊರು. ಅಂಥ ಕಾಲನಿಗಳಲ್ಲಿ ಒಂದೇ ಸಾಲಿನ ಕ್ವಾರ್ಟರ್ಸುಗಳಲ್ಲಿ ಕಥೋಲಿಕರೂ ಸಿ.ಎಸ್.ಐ.ನವರೂ ಹವ್ಯಕರೂ ದೀವರೂ ಗೋಡೆಗೆ ಗೋಡೆ ಹಂಚಿಕೊಂಡು ಬದುಕಿದವರು.

ಈ ಸೀಮೆಯ ಸಾಹಿತ್ಯ ಈ ಪ್ರಶ್ನೆಯನ್ನು ಎರಡು ಸಲ ಮುಟ್ಟಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತೀರ್ಥಹಳ್ಳಿಯ ಪಾದ್ರಿ ಜೀವರತ್ನಯ್ಯ ಬರುತ್ತಾನೆ. ಅವನ ಬೈಸಿಕಲ್ಲು ಹಳ್ಳಿಯವರ ಬಾಯಲ್ಲಿ ಬೀಸೆಕಲ್ಲು. ಬೆಟ್ಟಳ್ಳಿಯ ದೇವಯ್ಯ ಕಿಲಸ್ತರ ಜಾತಿಗೆ ಸೇರುತ್ತಾನೋ ಏನೋ ಎಂಬ ಆತಂಕ ಕಥೆಯುದ್ದಕ್ಕೂ ಇದೆ. ಮನೆಯವರು ಹೆದರುವುದು ಜಾತಿ, ಊಟ, ಮನೆತನದ ಮಾನಕ್ಕೆ; ನಂಬಿಕೆ ಬದಲಾಗುತ್ತದೆಂದು ಯಾರೂ ಹೆದರುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಕ್ರೈಸ್ತರಿಲ್ಲ, ಆದರೆ ಗಲಾತ್ಯದವರಿಗೆ ಬರೆದ ಪತ್ರದ ಇಕ್ಕಟ್ಟು ಇದೆ. ಅಂತ್ಯಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗದೆ ಹೆಣ ಕೊಳೆಯುತ್ತಿರುವಾಗ ಪ್ರಾಣೇಶಾಚಾರ್ಯ ತಾಳೆಗರಿಯಲ್ಲಿ ಉತ್ತರ ಹುಡುಕುತ್ತಾನೆ. ಧರ್ಮಶಾಸ್ತ್ರ ಎಂಬ ಅನುವಾದ ಎಷ್ಟು ಭಾರದ್ದೆಂದು ತಿಳಿಯಲು ಈ ಕಾದಂಬರಿ ಓದಿದರೆ ಸಾಕು.

ಮಲೆನಾಡಿನ ಭಾನುವಾರದ ಪಾಠಶಾಲೆಯಲ್ಲಿ ಎಲ್ಲಕ್ಕಿಂತ ಕಷ್ಟದ ಸಾಮತಿಯೆಂದರೆ ದ್ರಾಕ್ಷಿ ತೋಟದ ಆಳುಗಳದು. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು, ಡಬ್ಬಕ್ಕೋ ಕಿಲೋಗೋ ಇಷ್ಟೆಂದು ಅಡಿಕೆ ಸುಲಿದು, ಬೆರಳೆಲ್ಲ ಕಪ್ಪಾಗಿಸಿಕೊಂಡವರ ಮಕ್ಕಳಿಗೆ ಈ ಯಜಮಾನ ಮೆಚ್ಚುಗೆಯಾಗುವುದಿಲ್ಲ. ಮೆಚ್ಚುಗೆಯಾಗಬಾರದೆಂದೇ ಕಥೆಯನ್ನು ಹಾಗೆ ಕಟ್ಟಿದಂತಿದೆ: ಲೆಕ್ಕ ಸರಿಯಿಲ್ಲವೆಂದು ಗೊಣಗುವ ಬೆಳಗಿನ ಆಳಿನ ಜಾಗದಲ್ಲಿ ಕೇಳುವವನೇ ಕೂತಿರುತ್ತಾನೆ.

ಯೆರೂಸಲೇಮಿನ ನಾಲ್ಕು ನಿಷೇಧಗಳಲ್ಲಿ ಮೊದಲನೆಯದು ಈ ಊರುಗಳಲ್ಲಿ ವರ್ಷಕ್ಕೆ ಹಲವು ಸಲ ಬಾಗಿಲು ತಟ್ಟುತ್ತದೆ. ಗಣಪತಿ ಹಬ್ಬದ ಮಾರನೆಯ ದಿನ ಪಕ್ಕದ ಮನೆಯ ಹುಡುಗಿ ಬಾಳೆಲೆಯಲ್ಲಿ ಪಂಚಕಜ್ಜಾಯ ತಂದು ‘ಪ್ರಸಾದ’ ಎನ್ನುತ್ತಾಳೆ. ಇದಕ್ಕೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಪೌಲ ಕೊಡುವ ಉತ್ತರ ನೇರವಾದದ್ದಲ್ಲ: ವಿಗ್ರಹವೆಂಬುದು ಏನೂ ಅಲ್ಲ, ಆದ್ದರಿಂದ ವಿಚಾರಿಸದೆ ತಿನ್ನು, ಆದರೆ ಇದು ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡು. ಹುಡುಗಿ ಹೇಳಿಯೇ ಬಿಟ್ಟಿದ್ದಾಳೆ. ಒಂದು ಮನೆಯಲ್ಲಿ ಮಕ್ಕಳು ಅದನ್ನು ಅಲ್ಲೇ ತಿಂದು ಮುಗಿಸುತ್ತಾರೆ. ಇನ್ನೊಂದು ಮನೆಯಲ್ಲಿ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಲ್ಲ ಎಲ್ಲಿಯದೆಂದು ವಿಚಾರಿಸಿ, ಒಳಗಿಟ್ಟು, ಹುಡುಗಿ ಮರೆಯಾದ ಮೇಲೆ ದನಕ್ಕೆ ಹಾಕುತ್ತಾರೆ. ಡಿಸೆಂಬರಿನಲ್ಲಿ ಎರಡೂ ಮನೆಗಳಿಂದ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಆ ಹುಡುಗಿಯ ಮನೆಗೆ ಹೋಗುತ್ತದೆ: ನೆವ್ರಿ, ಚಕ್ಕುಲಿ ಒಂದು ತಟ್ಟೆಯಲ್ಲಿ, ಮೊಟ್ಟೆ ಹಾಕಿದ ಕೇಕು ಬೇರೆ ತಟ್ಟೆಯಲ್ಲಿ, ಮೇಲೆ ಮುಚ್ಚಿ, ಕೇಳಿದರೆ ಮಾತ್ರ ಕೊಡುವುದಕ್ಕೆ.